ಕದಂಬದ ಹೂವು, ಆಕಾಶದ ದಾರಿ

(ಬಾನುಲಿ ಭಾಷಣ)

ಗುಡ್ನಾಪುರದಿಂದ ಬನವಾಸಿ ಎಷ್ಟು ದೂರವೆಂದು ಕೇಳಿದರೆ ನಮ್ಮ ಕಡೆಯ ಹಿರಿಯರು ಮೈಲಿಗಳಲ್ಲಾಗಲಿ ಕಿಲೋಮೀಟರುಗಳಲ್ಲಾಗಲಿ ಉತ್ತರ ಹೇಳುತ್ತಿರಲಿಲ್ಲ. ಒಂದು ಕವಳ ಹಾಕಿಕೊಂಡು ಹೊರಟರೆ ಎರಡನೆಯದಕ್ಕೆ ಸಂಚಿ ಬಿಚ್ಚುವಷ್ಟರಲ್ಲಿ ಮುಟ್ಟಬಹುದು ಎನ್ನುತ್ತಿದ್ದರು. ಪಕ್ಕದ ಮನೆ ಕೂಗಳತೆಯಲ್ಲಿತ್ತು, ಸಂತೆಯ ಊರು ಹರದಾರಿಯಲ್ಲಿತ್ತು, ನೆಂಟರ ಊರು ಗಾವುದದಲ್ಲಿತ್ತು. ದೂರವೆಂಬುದು ಕಾಲಿಗೆ, ಕಂಠಕ್ಕೆ, ಎತ್ತಿನ ಉಸಿರಿಗೆ ಸಂಬಂಧಪಟ್ಟ ವಿಷಯವಾಗಿತ್ತು. ಈಗ ಅವೇ ಮನೆಗಳ ಜಗಲಿಯಲ್ಲಿ ಬೇರೊಂದು ದೂರದ ಮಾತು ಕೇಳಿಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕೆಯಲ್ಲಿರುವುದು ಇಂದು ಅಪರೂಪದ ಸಂಗತಿಯಲ್ಲ. ಅವರಿರುವ ಊರು ಎಷ್ಟು ದೂರ ಎಂಬ ಪ್ರಶ್ನೆಗೆ ಕೂಗಳತೆಯಲ್ಲಿ ಉತ್ತರ ಹೇಳಲಾಗದು.

ಗುಡ್ನಾಪುರದ ಕೆರೆಯ ಏರಿಯ ಮೇಲೆ ಒಂದು ಸಂಜೆ ಭೇಟಿಯಾದ ಹಿರಿಯ ಕೃಷಿಕರೊಬ್ಬರು ನನ್ನನ್ನು ನಿಲ್ಲಿಸಿ, "ಮಾಸ್ತರೆ, ಮೂರು ಜನ ಮೂರು ಲೆಕ್ಕ ಹೇಳ್ತ. ಖರೆ ಯಾವ್ದು?" ಎಂದು ಕೇಳಿದರು. ಅವರ ಮಗಳ ಸಂಸಾರ ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಸುಪಾಸಿನಲ್ಲಿದೆ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅಲ್ಲಿಯ ನಿಲ್ದಾಣಕ್ಕೆ ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಮೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಪತ್ರಿಕೆಯಲ್ಲಿ ಹದಿನಾರು ಸಾವಿರವೆಂದು ಅಚ್ಚಾಗಿತ್ತು. ಶಾಲೆಗೆ ಹೋಗುವ ಮೊಮ್ಮಗನು ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿಯಿಟ್ಟು ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿದೆ ಎಂದು ಸಾಧಿಸಿದ್ದನು. ನಾನು ಜೀವಮಾನವೆಲ್ಲ ಹಳಗನ್ನಡ ಪಾಠ ಹೇಳಿದವನು. ಗಣಿತ ನನ್ನ ವೃತ್ತಿಯಲ್ಲ. ಆದರೆ ಈ ಪ್ರಶ್ನೆಯ ಬೆನ್ನುಹತ್ತಿ ಹೋದಾಗ ಅದರ ದಾರಿ ನನಗೆ ಪರಿಚಿತವಾದ ಪ್ರದೇಶಗಳ ಮೂಲಕವೇ ಹಾದುಹೋಯಿತು. ಆದುದರಿಂದಲೇ ಈ ಮಾತುಗಳನ್ನು ಆಡುವ ಧೈರ್ಯ ಮಾಡಿದ್ದೇನೆ.

ಮೊದಲು ಮೊಮ್ಮಗನ ಲೆಕ್ಕವನ್ನು ನೋಡೋಣ. ಶಾಲೆಯ ಗೋಡೆಗಳಲ್ಲಿ ತೂಗುವ ನಕ್ಷೆಗಳಲ್ಲಿ ಅಟ್ಲಾಂಟಿಕ್ ಸಾಗರ ನಡುವೆ ಇರುತ್ತದೆ. ಭಾರತ ಬಲಕ್ಕೆ, ಅಮೆರಿಕೆ ಎಡದ ಅಂಚಿಗೆ. ಅಕ್ಷಾಂಶ ರೇಖಾಂಶಗಳನ್ನು ಸಮನಾದ ಚೌಕಗಳಾಗಿ ಬರೆದಿರುವ ಅಂಥ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೀಟೆಳೆದು, ಭೂಮಧ್ಯರೇಖೆಯ ಪ್ರಮಾಣದಿಂದ ಅಳೆದರೆ ಸುಮಾರು 22,400 ಕಿ.ಮೀ. ಬರುತ್ತದೆ. ಹುಡುಗನ ಅಳತೆಯಲ್ಲಿ ದೋಷವಿಲ್ಲ. ಆದರೆ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಎಂಬುದನ್ನು ನೆನೆಯಿರಿ. ಯಾವ ಊರಿನಿಂದ ಹೊರಟರೂ ಅದರಲ್ಲಿ ಅರ್ಧ, ಅಂದರೆ 20,000 ಕಿ.ಮೀ. ಹೋಗುವಷ್ಟರಲ್ಲಿ ಆ ಊರಿನ ಅಡಿಗೆ ನೇರವಾಗಿ ಇರುವ ಸ್ಥಳ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಎತ್ತ ಹೆಜ್ಜೆಯಿಟ್ಟರೂ ಹೊರಟ ಊರಿಗೆ ಹತ್ತಿರವೇ ಆಗುತ್ತೇವೆ. ಹಾಗಿರುವಲ್ಲಿ 22,400 ಎಂಬುದು ಈ ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ ಇರಲಾರದ ದೂರ! ಗೋಳವನ್ನು ಸಿಪ್ಪೆ ಸುಲಿದು ಚಪ್ಪಟೆಯಾಗಿ ಹಾಸಿದಾಗ ನಕ್ಷೆ ಹೇಳಬೇಕಾಗಿ ಬಂದ ಸುಳ್ಳು ಇದು.

ಈ ಸುಳ್ಳನ್ನು ಕಳೆಯಲು ಒಂದು ಹೂವನ್ನು ಕೈಗೆತ್ತಿಕೊಳ್ಳಬೇಕು. ಕದಂಬದ ಹೂವನ್ನು ನೋಡಿದವರಿಗೆ ಗೊತ್ತು: ಅದು ಚೆಂಡಿನಂತೆ ದುಂಡಗಿರುತ್ತದೆ, ನೂರಾರು ಪುಟ್ಟ ಹೂಗಳು ನಡುವಿನ ಗುಂಡಿನಿಂದ ಎಲ್ಲ ದಿಕ್ಕಿಗೂ ನೆಟ್ಟಗೆ ನಿಂತಿರುತ್ತವೆ. ಯಾವ ಎಸಳು ಮೇಲು, ಯಾವುದು ಕೆಳಗು ಎಂದು ಹೇಳುವಂತಿಲ್ಲ. ಪ್ರತಿಯೊಂದಕ್ಕೂ ತನ್ನ ನೆತ್ತಿಯೇ ಮೇಲು. ದುಂಡಗಿನ ಭೂಮಿಯ ಕೆಳಮಗ್ಗುಲಲ್ಲಿರುವವರು ಬಿದ್ದುಹೋಗುವುದಿಲ್ಲವೆ ಎಂಬ ಶಂಕೆಗೆ ಆರ್ಯಭಟನು ಕೊಟ್ಟ ಹೋಲಿಕೆ ಈ ಕದಂಬದ ಹೂವು. ಆತನ 'ಆರ್ಯಭಟೀಯ' 499ರ ಕಾಲದ್ದು. ಅದೇ ಐದನೆಯ ಶತಮಾನದ ಕೊನೆ, ಆರನೆಯ ಶತಮಾನದ ಆರಂಭದಲ್ಲಿ ಬನವಾಸಿಯಲ್ಲಿ ಕದಂಬರ ರವಿವರ್ಮ ಆಳುತ್ತಿದ್ದನು. ಗುಡ್ನಾಪುರದಲ್ಲಿ ಕಾಮಜಿನಾಲಯವನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಸ್ತಂಭಶಾಸನ ಅವನದು. ಮನೆಯ ಹತ್ತಿರ ಬೆಳೆದಿದ್ದ ಕದಂಬ ವೃಕ್ಷದಿಂದ ಆ ವಂಶಕ್ಕೆ ಹೆಸರು ಬಂತೆಂದು ತಾಳಗುಂದದ ಶಾಸನ ತಿಳಿಸುತ್ತದೆ. ಕುಸುಮಪುರದ ಗಣಿತಜ್ಞನಿಗೂ ಬನವಾಸಿಯ ಅರಸನಿಗೂ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಒಂದೇ ತಲೆಮಾರಿನಲ್ಲಿ ಒಂದೇ ಮರ ಒಬ್ಬನಿಗೆ ವಂಶದ ಹೆಸರಾಗಿ, ಮತ್ತೊಬ್ಬನಿಗೆ ಭೂಗೋಳದ ಹೋಲಿಕೆಯಾಗಿ ಒದಗಿತೆಂಬುದಷ್ಟೇ ನನ್ನ ಸಂತೋಷ.

ಈ ಹೂವಿನಲ್ಲಿ ಎರಡು ಎಸಳುಗಳನ್ನು ಆರಿಸಿಕೊಳ್ಳಿ. ಒಂದು ಬೆಂಗಳೂರು, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ. ಎರಡರ ತೊಟ್ಟುಗಳೂ ಗುಂಡಿನ ನಡುವೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿ ಅವು ಎಷ್ಟು ಕೋನ ಮಾಡುತ್ತವೆಯೋ ಅದೇ ಆ ಎರಡು ಊರುಗಳ ನಡುವಣ ದೂರ. ಇಡೀ ಸುತ್ತು 360 ಡಿಗ್ರಿ. ಇಡೀ ಸುತ್ತಳತೆ ಸುಮಾರು 40,030 ಕಿ.ಮೀ.; ಆದುದರಿಂದ ಕೇಂದ್ರದಲ್ಲಿ ಒಂದು ಡಿಗ್ರಿ ಕೋನವೆಂದರೆ ನೆಲದ ಮೇಲೆ 111.2 ಕಿ.ಮೀ. ಮೇಲ್ಮೈಯಲ್ಲಿ ಈ ದೂರ ಹೋಗುವ ದಾರಿಯನ್ನು ಕಾಣಬೇಕಾದರೆ ಒಂದು ಚಕ್ಕೋತ ಹಣ್ಣನ್ನು ತೆಗೆದುಕೊಂಡು ಎರಡು ಗುಂಡುಸೂಜಿ ಚುಚ್ಚಿ, ನಡುವೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಅತ್ಯಂತ ಹತ್ತಿರದ ದಾರಿಯನ್ನು ಹಿಡಿಯುತ್ತದೆ. ಆ ದಾರವನ್ನು ಮುಂದುವರಿಸಿ ಹಣ್ಣನ್ನು ಪೂರ್ತಿ ಸುತ್ತಿದರೆ ಅದು ಹಣ್ಣನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವಾಗುತ್ತದೆ. ಇದನ್ನು ಮಹಾವೃತ್ತವೆಂದು ಕರೆಯುತ್ತಾರೆ.

ಒಂದೇ ರೇಖಾಂಶದಲ್ಲಿರುವ ಊರುಗಳಾದರೆ ಲೆಕ್ಕ ಬಾಯಿಲೆಕ್ಕವೇ. ಗುಡ್ನಾಪುರ ಸುಮಾರು 14.55 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ಹುಬ್ಬಳ್ಳಿಯ ವಿಮಾನ ನಿಲ್ದಾಣ 15.36ರಲ್ಲಿದೆ, ಎರಡೂ 75 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನವು. ವ್ಯತ್ಯಾಸ 0.81 ಡಿಗ್ರಿ, ಅದನ್ನು 111.2ರಿಂದ ಗುಣಿಸಿದರೆ 90 ಕಿ.ಮೀ. ಶಿರಸಿಯ ಮೇಲೆ ಬಸ್ಸಿನಲ್ಲಿ ಹೋಗುವವರಿಗೆ ದಾರಿ ನೂರನ್ನು ದಾಟುತ್ತದೆ. ಬೆಟ್ಟವನ್ನೂ ಹಳ್ಳವನ್ನೂ ಸುತ್ತಿ ಹೋಗುವ ರಸ್ತೆಗೆ ಹಕ್ಕಿಯ ನೇರ ಎಲ್ಲಿಂದ ಬರಬೇಕು?

ಓರೆಯಾಗಿರುವ, ಆದರೆ ಬಹು ದೂರವಲ್ಲದ ಊರುಗಳಿಗೆ ಶಾಲೆಯಲ್ಲಿ ಕಲಿತ ಕರ್ಣದ ಲೆಕ್ಕವೇ ಸಾಕು. ಸಾಹಿತ್ಯಪ್ರಿಯರಿಗಾಗಿ ಒಂದು ಉದಾಹರಣೆ ಕೊಡುತ್ತೇನೆ. ಪಂಪನ ಆಶ್ರಯದಾತ ಅರಿಕೇಸರಿಯ ರಾಜಧಾನಿ ಇಂದಿನ ತೆಲಂಗಾಣದ ವೇಮುಲವಾಡ. ಅಲ್ಲಿಂದ ಬನವಾಸಿ ಎಷ್ಟು ದೂರ? ಅಕ್ಷಾಂಶದಲ್ಲಿ 4 ಡಿಗ್ರಿ, ಅಂದರೆ 445 ಕಿ.ಮೀ. ರೇಖಾಂಶದಲ್ಲಿ 3.9 ಡಿಗ್ರಿ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ರೇಖಾಂಶಗಳು ಭೂಮಧ್ಯರೇಖೆಯಲ್ಲಿ ಅಗಲವಾಗಿದ್ದು ಧ್ರುವದ ಕಡೆಗೆ ಹೋದಂತೆ ಒತ್ತಾಗುತ್ತವೆ, ಛತ್ರಿಯ ಕಡ್ಡಿಗಳು ತುದಿಯಲ್ಲಿ ಕೂಡಿದ ಹಾಗೆ. ವೇಮುಲವಾಡ ಮತ್ತು ಬನವಾಸಿಗಳ ನಡುವಣ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ 106.6 ಕಿ.ಮೀ. ಮಾತ್ರ. 3.9 ಡಿಗ್ರಿಗೆ 416 ಕಿ.ಮೀ. ಆಯಿತು. 445 ಮತ್ತು 416 ಭುಜಗಳುಳ್ಳ ತ್ರಿಕೋನದ ಕರ್ಣ 609 ಕಿ.ಮೀ. ಪಂಪನು ಬನವಾಸಿಯನ್ನು ಹಂಬಲಿಸಿದುದು ಈ ರಾಜಧಾನಿಯಿಂದಲೇ ಆಗಿದ್ದರೆ ಆ ಹಂಬಲದ ಅಳತೆ ಸುಮಾರು ಆರುನೂರು ಕಿಲೋಮೀಟರು. ಇಂದಿನ ವಿಮಾನಕ್ಕೆ ಅದು ಒಂದು ಗಂಟೆಯ ಹಾದಿಯೂ ಅಲ್ಲ.

ಸ್ಯಾನ್ ಫ್ರಾನ್ಸಿಸ್ಕೊಗೆ ಈ ಉಪಾಯ ನಡೆಯದು. ಭೂಮಿಯ ಬೆನ್ನು ಅಷ್ಟು ಬಾಗಿದಾಗ ಸಮತಲದ ತ್ರಿಕೋನ ಮುರಿದುಬೀಳುತ್ತದೆ. ಅಲ್ಲಿ ಗೋಳದ ಗಣಿತವೇ ಬೇಕು. ಅದಕ್ಕೆ ಬೇಕಾದ ಸಾಮಗ್ರಿ ಒಂದು ಜ್ಯಾ ಕೋಷ್ಟಕ ಮಾತ್ರ, ಅಂದರೆ ಇಂಗ್ಲಿಷ್ ಶಾಲೆಗಳ ಸೈನ್, ಕೊಸೈನ್ ಪಟ್ಟಿ. ಈ 'ಸೈನ್' ಎಂಬ ಶಬ್ದದ ಕಥೆ ಭಾಷಾಶಾಸ್ತ್ರ ಬಲ್ಲವರಿಗೆ ಸ್ವಾರಸ್ಯಕರ. ಜ್ಯಾ ಎಂದರೆ ಬಿಲ್ಲಿನ ಹೆದೆ. ಅದಕ್ಕೆ ಜೀವಾ ಎಂದೂ ಹೆಸರು. ಅರಬರು ಅದನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಸ್ವರಗಳನ್ನು ಬರೆಯದ ಆ ಲಿಪಿಯಲ್ಲಿ ಅದನ್ನು ಮುಂದಿನವರು 'ಜೈಬ್' ಎಂದು ಓದಿದರು. ಜೈಬ್ ಎಂದರೆ ಮಡಿಲು, ಮಡಿಕೆ. ಲ್ಯಾಟಿನ್ನಿಗೆ ತಿರುಗಿಸಿದವರು ಅದೇ ಅರ್ಥದ 'ಸೈನಸ್' ಶಬ್ದವನ್ನಿಟ್ಟರು. ನಮ್ಮ ಬಿಲ್ಲಿನ ಹೆದೆ ಹೀಗೆ ಮಡಿಲಾಗಿ ಮರಳಿ ನಮ್ಮ ಪಠ್ಯಪುಸ್ತಕಗಳಿಗೆ ಬಂದಿತು. ಆರ್ಯಭಟನ ಕೋಷ್ಟಕದಲ್ಲಿ ವೃತ್ತದ ತ್ರಿಜ್ಯ 3438 ಎಂದಿದೆ. ವೃತ್ತವನ್ನು 21,600 ಕಲೆಗಳಾಗಿ ಭಾಗಿಸಿದಾಗ ಅವೇ ಕಲೆಗಳಲ್ಲಿ ಅಳೆದ ತ್ರಿಜ್ಯ ಅದು. ಇಂದಿಗೂ ಹಡಗು, ವಿಮಾನಗಳವರು ಬಳಸುವ ನಾಟಿಕಲ್ ಮೈಲಿ ಭೂಮಿಯ ಒಂದು ಕಲೆಯ ಅಳತೆಯಿಂದಲೇ ಹುಟ್ಟಿದುದು, 1,852 ಮೀಟರು. ಆದುದರಿಂದ ಭೂಮಿಯ ತ್ರಿಜ್ಯವನ್ನು ನಾಟಿಕಲ್ ಮೈಲಿಗಳಲ್ಲಿ ಹೇಳಿದರೆ ಆರ್ಯಭಟನ 3438ಕ್ಕೆ ಬಹು ಸಮೀಪದ ಸಂಖ್ಯೆಯೇ ಬರುತ್ತದೆ.

ಇನ್ನು ಲೆಕ್ಕ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಉತ್ತರ, 122.4 ಪಶ್ಚಿಮ. ಪೂರ್ವವೂ ಪಶ್ಚಿಮವೂ ಆದುದರಿಂದ ರೇಖಾಂಶಗಳನ್ನು ಕೂಡಿಸಬೇಕು: 200.1. ಇದು 180ನ್ನು ಮೀರಿತು. ಹಾಗಾದರೆ ಎದುರು ಕಡೆಯಿಂದ ಹೋಗುವುದೇ ಹತ್ತಿರ. 360ರಲ್ಲಿ ಕಳೆದರೆ 159.9.

ಇಲ್ಲಿ ಸ್ವಲ್ಪ ನಿಂತು 'ದೇಶಾಂತರ' ಎಂಬ ಮಾತನ್ನು ನೆನೆಯಬೇಕೆನಿಸುತ್ತದೆ. ಎರಡು ಊರುಗಳ ರೇಖಾಂಶದ ಅಂತರಕ್ಕೆ ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ದೇಶಾಂತರವೆಂದೇ ಹೆಸರು. ಪಂಚಾಂಗ ನೋಡುವವರಿಗೆ ಇದು ಪರಿಚಿತ. ಒಂದೇ ಚಂದ್ರಗ್ರಹಣ ಒಂದೊಂದು ಊರಿನಲ್ಲಿ ಯಾವ ಗಳಿಗೆಗೆ ಕಾಣಿಸಿತೆಂದು ಹೋಲಿಸಿ ಅದನ್ನು ತಿಳಿಯುತ್ತಿದ್ದರು. ಏಕೆಂದರೆ ರೇಖಾಂಶವೆಂದರೆ ಕಾಲವೇ, 15 ಡಿಗ್ರಿಗೆ ಒಂದು ಗಂಟೆ. 200.1ನ್ನು 15ರಿಂದ ಭಾಗಿಸಿ ನೋಡಿ, ಹದಿಮೂರು ಗಂಟೆಗೆ ಮಿಕ್ಕಿ ಬರುತ್ತದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದರ ಮೂಲ ಇದೇ. ಆದರೆ ಆಡುಮಾತಿನಲ್ಲಿ 'ದೇಶಾಂತರ ಹೋದ' ಎಂದರೆ ಅರ್ಥವೇ ಬೇರೆ: ಮನೆಮಾರು ತೊರೆದು ಹೋದ, ಕೈಗೆ ಸಿಗದಂತಾದ ಎಂದು. ಒಂದೇ ಶಬ್ದದಲ್ಲಿ ಗಣಿತವೂ ದುಃಖವೂ ಹೀಗೆ ಅಕ್ಕಪಕ್ಕ ಕುಳಿತಿವೆ.

ಭೂಮಿಯ ತ್ರಿಜ್ಯವನ್ನು ಒಂದು ಎಂದು ಇಟ್ಟುಕೊಳ್ಳಿ. ಪ್ರತಿಯೊಂದು ಊರಿಗೂ ಎರಡು ಅಳತೆಗಳಿವೆ. ಭೂಮಧ್ಯರೇಖೆಯ ಸಮತಲದಿಂದ ಅದು ಎಷ್ಟು ಎತ್ತರದಲ್ಲಿದೆ ಎಂಬುದು ಮೊದಲನೆಯದು. ಅದು ಅಕ್ಷಾಂಶದ ಸೈನ್. ಭೂಮಿಯ ಅಚ್ಚಿನಿಂದ ಎಷ್ಟು ಹೊರಗಿದೆ ಎಂಬುದು ಎರಡನೆಯದು. ಅದು ಅಕ್ಷಾಂಶದ ಕೊಸೈನ್. ಬೆಂಗಳೂರಿಗೆ ಎತ್ತರ 0.2284, ಅಚ್ಚಿನಿಂದ ದೂರ 0.9736. ಸ್ಯಾನ್ ಫ್ರಾನ್ಸಿಸ್ಕೊಗೆ ಎತ್ತರ 0.6101, ಅಚ್ಚಿನಿಂದ ದೂರ 0.7923. ಎತ್ತರವನ್ನು ಎತ್ತರದಿಂದ ಗುಣಿಸಿದರೆ 0.1393. ಹೊರದೂರವನ್ನು ಹೊರದೂರದಿಂದ ಗುಣಿಸಿದರೆ 0.7714, ಆದರೆ ಎರಡು ಊರುಗಳೂ ಅಚ್ಚಿನ ಒಂದೇ ಮಗ್ಗುಲಲ್ಲಿ ಇಲ್ಲ, ಅವುಗಳ ನಡುವೆ 159.9 ಡಿಗ್ರಿ ತಿರುವಿದೆ. ಆ ತಿರುವಿನ ಕೊಸೈನ್ ಋಣ 0.9391. ಅದರಿಂದ ಗುಣಿಸಿದಾಗ ಋಣ 0.7244. ಎರಡನ್ನೂ ಕೂಡಿಸಿದರೆ ಋಣ 0.5851. ಯಾವ ಕೋನದ ಕೊಸೈನ್ ಇದು ಎಂದು ಕೋಷ್ಟಕದಲ್ಲಿ ಹುಡುಕಿದರೆ 125.8 ಡಿಗ್ರಿ. ಋಣ ಚಿಹ್ನೆ ಬಂದುದರಿಂದ ಗಾಬರಿಯಾಗಬೇಕಿಲ್ಲ. ಊರು ಭೂಗೋಳದ ಕಾಲು ಸುತ್ತಿಗಿಂತ ಆಚೆಗಿದೆ ಎಂಬುದಷ್ಟೇ ಅದರ ಅರ್ಥ. 125.8ನ್ನು 111.2ರಿಂದ ಗುಣಿಸಿದರೆ 13,989 ಕಿ.ಮೀ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳ ನಡುವೆ ನೇರ ವಿಮಾನ ಆರಂಭವಾದಾಗ ಏರ್ ಇಂಡಿಯಾ ಪ್ರಕಟಿಸಿದ ಅಂಕಿ 13,993. ಒಂದು ಹಾಳೆ, ಒಂದು ಪೆನ್ಸಿಲು, ನಾಲ್ಕು ಸ್ಥಾನಗಳ ಕೋಷ್ಟಕ ಇಷ್ಟರಿಂದ ಮಾಡಿದ ಲೆಕ್ಕ ನಾಲ್ಕು ಕಿಲೋಮೀಟರಿನಷ್ಟು ಸಮೀಪಕ್ಕೆ ಬಂದಿತು. ಅದೇ ಪ್ರಕಟಣೆಯಲ್ಲಿ ಈ ಎರಡು ನಗರಗಳೂ ಭೂಮಿಯ ವ್ಯಾಸದ ಎರಡು ತುದಿಗಳಲ್ಲಿವೆ ಎಂಬ ಮಾತೂ ಇತ್ತು. ಅದನ್ನು ಅತಿಶಯೋಕ್ತಿ ಅಲಂಕಾರವೆಂದು ಓದಿಕೊಳ್ಳಬೇಕು. ಬೆಂಗಳೂರಿಗೆ ನೇರ ಎದುರಾದ ಸ್ಥಳ ದಕ್ಷಿಣ ಅಮೆರಿಕೆಯ ಪೆರು ದೇಶದಿಂದ ಬಹು ದೂರ ಪಶ್ಚಿಮಕ್ಕೆ, ಶಾಂತಸಾಗರದ ನೀರಿನಲ್ಲಿದೆ. ಆರ್ಯಭಟನು ಭೂವ್ಯಾಸಕ್ಕೆ 1050 ಯೋಜನ ಹೇಳುತ್ತಾನೆ. ಆತನ ಯೋಜನದಲ್ಲಿ ನಮ್ಮ ಕೃಷಿಕರ ಮಗಳಿರುವ ಊರು 1,153 ಯೋಜನ ದೂರ.

ಭೂಮಿ ಸರಿಯಾದ ಗೋಳವಲ್ಲ, ನಡುವೆ ತುಸು ಉಬ್ಬಿದೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಭೂಮಧ್ಯರೇಖೆಯಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಇದರಿಂದ ನಮ್ಮ ಲೆಕ್ಕಕ್ಕೆ ಬರುವ ವ್ಯತ್ಯಾಸ ನೂರಕ್ಕೆ ಅರ್ಧಕ್ಕಿಂತ ಕಡಮೆ. ಆ ಉಬ್ಬನ್ನು ಅಳೆಯುವ ಕಾರ್ಯದಲ್ಲಿ ನಮ್ಮ ನಾಡಿಗೂ ಪಾಲಿದೆ. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1802ರಲ್ಲಿ ಮದರಾಸಿನ ಬಳಿ ಆರಂಭಿಸಿ, ಮೈಸೂರು ಸೀಮೆಯ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ತ್ರಿಕೋನಗಳನ್ನು ಹೆಣೆಯುತ್ತ ಮಂಗಳೂರಿನ ಕಡಲನ್ನು ಮುಟ್ಟಿದನು. ಅಲ್ಲಿಯವರೆಗೆ ಮದರಾಸಿಗೂ ಮಂಗಳೂರಿಗೂ 400 ಮೈಲಿ ಎಂದು ನಂಬಿದ್ದರು. ಅಳೆದಾಗ 360 ಎಂದು ತಿಳಿಯಿತು. ಇದ್ದಕ್ಕಿದ್ದಂತೆ ದೇಶದ ಅಗಲ ನಲವತ್ತು ಮೈಲಿ ಕಡಮೆಯಾಯಿತು.

ಈಗ ಆ ದಾರದ ದಾರಿಯನ್ನು ಹಿಡಿದು ನೋಡೋಣ. ಅಮೆರಿಕೆಗೆ ಹೋಗುವವರು ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುತ್ತಾರೆಂದು ನಾವು ಭಾವಿಸುತ್ತೇವೆ. ಲೆಕ್ಕ ಹಾಗೆ ಹೇಳುವುದಿಲ್ಲ. ಬೆಂಗಳೂರಿನಿಂದ ಹೊರಡುವ ಮಹಾವೃತ್ತದ ದಿಕ್ಕು ಉತ್ತರಕ್ಕೆ. ಕೇವಲ ಇಪ್ಪತ್ತು ಡಿಗ್ರಿಯಷ್ಟು ಪೂರ್ವಕ್ಕೆ ಓರೆ. ಅದು ಪ್ರಯಾಗಕ್ಕೂ ಕಾಶಿಗೂ ನಡುವೆ ಗಂಗೆಯ ಬಯಲನ್ನು ದಾಟುತ್ತದೆ. ನೇಪಾಳ, ಟಿಬೆಟ್ಟು, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ ಇವುಗಳ ಮೇಲೆ ಸಾಗಿ ಸುಮಾರು 71 ಡಿಗ್ರಿ ಅಕ್ಷಾಂಶದ ಹಿಮಸಾಗರದಲ್ಲಿ ತುತ್ತತುದಿಯನ್ನು ಮುಟ್ಟುತ್ತದೆ. ಅಲ್ಲಿಂದ ಇಳಿದು ಅಲಾಸ್ಕದ ಮೇಲೆ ಹಾದು ಕ್ಯಾಲಿಫೋರ್ನಿಯ ಸೇರುತ್ತದೆ. ಕಾಶಿಗೆ ಹೋಗುವ ದಿಕ್ಕೇ ಸ್ಯಾನ್ ಫ್ರಾನ್ಸಿಸ್ಕೊಗೂ ದಿಕ್ಕೆಂದರೆ ನಮ್ಮ ಅಜ್ಜಂದಿರು ನಗುತ್ತಿದ್ದರೋ ಏನೋ! ಕಾರಣ ಆ ಛತ್ರಿಯ ಕಡ್ಡಿಗಳೇ. ಬೆಂಗಳೂರಿನ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ ದಾಟಲು 108 ಕಿ.ಮೀ. ಹೋಗಬೇಕು, 71ರಲ್ಲಿ 36 ಕಿ.ಮೀ. ಸಾಕು. ಮನೆಮನೆಯ ಅಂಗಳ ಸುತ್ತುವುದಕ್ಕಿಂತ ಮಾಡು ಹತ್ತಿ ಕೋಳು ದಾಟುವುದು ಹತ್ತಿರ.

ಇಷ್ಟಾದರೂ ಪತ್ರಿಕೆಯ ಹದಿನಾರು ಸಾವಿರ ಉಳಿದೇ ಇದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಚಾಲಕರು ನಾಲ್ವರೂ ಸ್ತ್ರೀಯರು. ಮುಖ್ಯಸ್ಥೆ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಉತ್ತರ ಧ್ರುವದ ಮೇಲೆ ಹಾದು, ಸುಮಾರು 16,000 ಕಿ.ಮೀ. ಕ್ರಮಿಸಿ, ಹದಿನೇಳು ಗಂಟೆಗೂ ಮಿಕ್ಕಿ ಅವರು ಹಾರಿದರು. ಲೆಕ್ಕದ ದಾರಿಗಿಂತ ಎರಡು ಸಾವಿರ ಕಿಲೋಮೀಟರು ಹೆಚ್ಚು! ಗಣಿತ ತಪ್ಪಿತೆ? ಇಲ್ಲ. ಗಣಿತ ಹೇಳಿದುದು ಖಾಲಿ ಗೋಳದ ಮೇಲಣ ದೂರ. ಆಕಾಶ ಖಾಲಿಯಲ್ಲ.

ಅಲ್ಲಿ ಮೊದಲು ಗಾಳಿಯಿದೆ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆಗಳು ಹರಿಯುತ್ತವೆ. ಹೊಳೆಯ ಜೊತೆಗೆ ಈಜುವವನಿಗೂ ಎದುರು ಈಜುವವನಿಗೂ ದಡದ ಅಳತೆ ಒಂದೇ, ಶ್ರಮ ಒಂದೇ ಅಲ್ಲ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಕಡೆಯ 13,900 ಕಿ.ಮೀ. ದಾರಿಯಿಂದ ಬಿಡಿಸಿ ಶಾಂತಸಾಗರದ ಮೇಲಿನ 15,300 ಕಿ.ಮೀ. ದಾರಿಗೆ ತಿರುಗಿಸಿತು. ಸಾವಿರದ ನಾನೂರು ಕಿಲೋಮೀಟರು ಹೆಚ್ಚಾಯಿತು. ಆದರೆ ಬೆನ್ನಗಾಳಿಯ ಬಲದಿಂದ ಪ್ರಯಾಣ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು, ಮೊದಲಿಗಿಂತ ಬೇಗ. ದೂರವಾದ ದಾರಿಯೇ ಹತ್ತಿರವಾದ ಈ ಸಂಗತಿ ನನಗಂತೂ ಬಹಳ ಹಿಡಿಸಿತು.

ಗಾಳಿಯ ನಂತರ ನೆಲ. ಟಿಬೆಟ್ಟಿನ ಪ್ರಸ್ಥಭೂಮಿ ಸರಾಸರಿ ನಾಲ್ಕೂವರೆ ಸಾವಿರ ಮೀಟರು ಎತ್ತರದಲ್ಲಿದೆ. ವಿಮಾನದೊಳಗಿನ ಗಾಳಿಯ ಒತ್ತಡ ಕೆಟ್ಟರೆ ಉಸಿರಾಟಕ್ಕಾಗಿ ಮೂರು ಸಾವಿರ ಮೀಟರಿಗೆ ಇಳಿಯಬೇಕು. ನೆಲವೇ ಅದಕ್ಕಿಂತ ಮೇಲಿದ್ದರೆ ಇಳಿಯುವುದೆಲ್ಲಿಗೆ? ಆದುದರಿಂದ ಅತಿ ಹತ್ತಿರದ ಗೀಟು ಅಲ್ಲಿ ಹಾದುಹೋಗುತ್ತಿದ್ದರೂ ವಿಮಾನಗಳು ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ. ಕೆಟ್ಟು ನಿಂತರೆ ಇಳಿಯಲು ದಾರಿಯುದ್ದಕ್ಕೂ ನಿಲ್ದಾಣಗಳೂ ಬೇಕು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನದ ಎಂಜಿನ್ನಿನಲ್ಲಿ ದೋಷ ಕಾಣಿಸಿ, ಅದು ರಷ್ಯದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು ಬೇರೆ ವಿಮಾನ ಬರುವವರೆಗೆ ಅಲ್ಲಿಯೇ ಉಳಿದರು. ಕೊನೆಯದಾಗಿ ರಾಜಕೀಯ. 2022ರ ಯುಕ್ರೇನ್ ಯುದ್ಧದ ನಂತರ ರಷ್ಯವು ಅಮೆರಿಕೆಯೂ ಯೂರೋಪಿನ ಬಹು ದೇಶಗಳೂ ಸೇರಿದಂತೆ ಅನೇಕ ರಾಷ್ಟ್ರಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಜ್ಯಾಮಿತಿ ಸೈಬೀರಿಯದ ಮೇಲೆ ದಾರಿ ತೋರಿಸಿದರೂ ಅವರಿಗೆ ಅಲ್ಲಿ ಪ್ರವೇಶವಿಲ್ಲ.

ಹೀಗೆ ಮಗಳು ಹೇಳಿದುದೂ ಖರೆ, ಪತ್ರಿಕೆ ಹೇಳಿದುದೂ ಖರೆ. ಒಂದು ಊರು ಊರಿನ ನಡುವಣ ದೂರ. ಇನ್ನೊಂದು ಒಂದು ದಿನದ ಒಂದು ಹಾರಾಟದ ದೂರ. ಮೊದಲನೆಯದು ಬದಲಾಗದು, ಎರಡನೆಯದು ನಿತ್ಯವೂ ಬದಲಾಗುವುದು. ಇಷ್ಟನ್ನೂ ನಾನು ಆ ಹಿರಿಯರಿಗೆ ಬಿಡಿಸಿ ಹೇಳಿದೆ. ಕೇಳಿ ಮುಗಿದ ಮೇಲೆ ಅವರು, "ಅದೆಲ್ಲ ಸರಿ. ಇಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವ್ಳು ಎಷ್ಟು ಹೊತ್ತಿಗೆ ಬಂದು ಮುಟ್ಟಲಕ್ಕು?" ಎಂದರು. ಅವರ ಪ್ರಶ್ನೆ ಮೊದಲಿನಿಂದಲೂ ಇದೇ ಆಗಿತ್ತೆಂದು ನನಗೆ ಆಗ ತಿಳಿಯಿತು.

ಇದಕ್ಕೂ ಲೆಕ್ಕವಿದೆ. ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. 13,990ಕ್ಕೆ ಹದಿನೈದೂವರೆ ಗಂಟೆ. 16,000ಕ್ಕೆ ಹದಿನೆಂಟಕ್ಕೆ ಸ್ವಲ್ಪ ಕಡಮೆ. ಮನೆಯಿಂದ ನಿಲ್ದಾಣಕ್ಕೆ, ಟಿಕೇಟಿಗೆ, ತಪಾಸಣೆಗೆ ಆರೇಳು ಗಂಟೆಯಾದರೂ ಬೇಕು. ಬೆಂಗಳೂರಿನಿಂದ ನಮ್ಮ ಕಡೆಗೆ ನಾನೂರು ಕಿಲೋಮೀಟರಿನ ರಸ್ತೆ; ಅದಕ್ಕೆ ಒಂದು ಇಡೀ ರಾತ್ರಿ. ಒಟ್ಟಿನಲ್ಲಿ ಎಲ್ಲವೂ ಸುಸೂತ್ರವಾಗಿ ಕೂಡಿಬಂದರೆ ಒಂದೂವರೆ ದಿನ. ಭೂಮಿಯ ಮೂರನೆಯ ಒಂದು ಭಾಗವನ್ನು ದಾಟಲು ಹಿಡಿಯುವ ಕಾಲದ ಅರ್ಧದಷ್ಟು ಕಾಲ ಬೆಂಗಳೂರಿನಿಂದ ಗುಡ್ನಾಪುರಕ್ಕೇ ಬೇಕಾಗುತ್ತದೆ ಎಂಬುದನ್ನು ಗಮನಿಸಬೇಕು. ಕೂಡಿಬರದಿದ್ದರೆ ಯಾವ ಲೆಕ್ಕವೂ ಇಲ್ಲ. 2020ರ ಮಾರ್ಚ್ 23ರಿಂದ 2022ರ ಮಾರ್ಚ್ 27ರವರೆಗೆ ನಮ್ಮ ದೇಶಕ್ಕೆ ಹೊರನಾಡುಗಳ ನಿಯತ ವಿಮಾನ ಸಂಚಾರ ನಿಂತಿತ್ತು. ವಿಶೇಷ ಏರ್ಪಾಟಿನ ಕೆಲವೇ ವಿಮಾನಗಳು ಓಡಾಡಿದವು. ಆ ಎರಡು ವರ್ಷಗಳಲ್ಲಿ 13,990 ಎಂಬ ಅಂಕಿ ಒಂದು ಮೊಳವೂ ಹೆಚ್ಚಲಿಲ್ಲ. ನನಗೆ ಪರಿಚಿತವಾದ ಒಂದು ಮನೆಯಲ್ಲಿ ತಂದೆಯ ಉತ್ತರಕ್ರಿಯೆಯನ್ನು ಮಗ ಫೋನಿನ ಪರದೆಯ ಮೇಲೆ ನೋಡಿದನು. ಇಲ್ಲಿ ಮಧ್ಯಾಹ್ನ, ಅವನಲ್ಲಿ ನಡುರಾತ್ರಿ. ಪುರೋಹಿತರು ಸಂಕಲ್ಪದಲ್ಲಿ ಯಾವ ತಿಥಿ ಹೇಳಬೇಕೆಂದು ಅವನು ಅಲ್ಲಿಂದ ಕೇಳಿದನಂತೆ.

ನಾನು ಆ ಹಿರಿಯರಿಗೆ ಒಂದೂವರೆ ದಿನವೆಂದೇ ಹೇಳಿದೆ. ಅವರು ಬೆರಳು ಮಡಿಸಿ ಏನನ್ನೋ ಎಣಿಸಿಕೊಂಡು, "ಅಡ್ಡಿಲ್ಲೆ" ಎಂದರು.

ಕೇಳುಗರಲ್ಲಿ ಯಾರಿಗಾದರೂ ತಮ್ಮ ಮಕ್ಕಳಿರುವ ಊರಿನ ದೂರವನ್ನು ತಾವೇ ಎಣಿಸುವ ಆಸೆಯಿದ್ದರೆ ಮೊದಲು ಲಂಡನ್ನಿನ ಹೀತ್ರೂ ನಿಲ್ದಾಣದಿಂದ ಆರಂಭಿಸಬಹುದು: 51.5 ಉತ್ತರ, 0.5 ಪಶ್ಚಿಮ. ಬೆಂಗಳೂರಿನಿಂದ ರೇಖಾಂಶದ ಅಂತರ 78.2. ತೊಂಬತ್ತಕ್ಕಿಂತ ಕಡಮೆಯಾದುದರಿಂದ ಇಲ್ಲಿ ಋಣದ ಕಾಟವಿಲ್ಲ. ಉತ್ತರ 8,050ರ ಆಸುಪಾಸಿನಲ್ಲಿ ಬಂದರೆ ಲೆಕ್ಕ ಸರಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ನೇರ ವಿಮಾನ ಆರಂಭವಾದ ಸಿಡ್ನಿ ದಕ್ಷಿಣ ಗೋಳಾರ್ಧದ ಊರು: 33.9 ದಕ್ಷಿಣ, 151.2 ಪೂರ್ವ. ಅದರ 'ಎತ್ತರ' ಭೂಮಧ್ಯರೇಖೆಯಿಂದ ಕೆಳಕ್ಕಿರುವುದರಿಂದ ಮೊದಲ ಗುಣಲಬ್ಧವನ್ನು ಋಣವೆಂದು ಇಟ್ಟುಕೊಳ್ಳಬೇಕು; ಎರಡನೆಯದು ಧನವಾಗಿಯೇ ಇರುತ್ತದೆ. ಕೋನ 84 ಡಿಗ್ರಿಗೆ ತುಸು ಮೇಲೆ ಬರುತ್ತದೆ, ದೂರ ಸುಮಾರು 9,350 ಕಿ.ಮೀ. ಕೋಷ್ಟಕ ಹತ್ತನೆಯ ತರಗತಿಯ ಮಕ್ಕಳಲ್ಲಿ ಸಿಗುತ್ತದೆ. ಸಿಗದಿದ್ದರೆ ಅವರ ಮೇಷ್ಟರಲ್ಲಿ ಕೇಳಬಹುದು.